ಕಚೇರಿ ಇಲ್ಲಿ, ತೀರ್ಮಾನ ಎಲ್ಲಿ?

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಎಂಜಿನಿಯರಿಂಗ್ ಹಾಗೂ ಎಂಸಿಎ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿಗಳೇ,

ವಿದೇಶಿ ಸಾಫ್ಟ್‌ವೇರ್ ಕಂಪನಿಯೊಂದು ಮಂಗಳೂರಿನಲ್ಲೋ ಉಡುಪಿಯಲ್ಲೋ ತನ್ನ ಕಚೇರಿಯನ್ನು ವಿಸ್ತರಿಸುತ್ತಿದೆ, ಇನ್ನೂ ನೂರಾರು ಮಂದಿಯನ್ನು ನೇಮಿಸಿಕೊಳ್ಳಲಿದೆ ಎಂಬ ಸುದ್ದಿ ಕರಾವಳಿಯ ಪತ್ರಿಕೆಗಳಿಗೆ ಈಗ ಅಪರೂಪದ್ದಲ್ಲ. ಇಂಥ ಸುದ್ದಿಯಲ್ಲಿ ಸಾಮಾನ್ಯವಾಗಿ ಕಟ್ಟಡದ ವಿಸ್ತೀರ್ಣ, ಹುದ್ದೆಗಳ ಸಂಖ್ಯೆ ಮತ್ತು ದೀಪ ಬೆಳಗಿಸಿದ ಗಣ್ಯರ ಹೆಸರು ಇರುತ್ತವೆ. ಆ ಕಟ್ಟಡದೊಳಗೆ ನಡೆಯಲಿರುವ ಕೆಲಸ ಯಾವ ಬಗೆಯದು, ಆ ಕೆಲಸದ ಕುರಿತ ತೀರ್ಮಾನಗಳನ್ನು ಯಾರು, ಯಾವ ಊರಿನಲ್ಲಿ ಕುಳಿತು ಕೈಗೊಳ್ಳುತ್ತಾರೆ ಎಂಬುದು ಇರುವುದಿಲ್ಲ. ಬಿಟ್ಟುಹೋದ ಆ ಭಾಗವೇ ಈ ಪತ್ರದ ವಿಷಯ. ಕೆಲಸಕ್ಕೆ ಸೇರಬೇಡಿ ಎಂದು ಎಚ್ಚರಿಸುವುದು ಇದರ ಉದ್ದೇಶವಲ್ಲ. ಊರಿನಲ್ಲೇ ಒಳ್ಳೆಯ ಸಂಬಳದ ಕೆಲಸ ಸಿಗುವುದು ಕರಾವಳಿಯ ಯಾವ ಮನೆಗೂ ಸಣ್ಣ ಸಂಗತಿಯಲ್ಲ. ಆದರೆ ಸಿಗುವ ಕೆಲಸದ ಸ್ವರೂಪವನ್ನು ಅರಿತು ಸೇರುವವರಿಗೂ ಸಂಖ್ಯೆಯನ್ನು ಮಾತ್ರ ನೋಡಿ ಸೇರುವವರಿಗೂ ನಡುವೆ ಹತ್ತು ವರ್ಷಗಳ ನಂತರ ಕಾಣುವ ಅಂತರ ದೊಡ್ಡದು.

ಮೊದಲು ಪದಗಳ ಅರ್ಥ ಸ್ಪಷ್ಟವಾಗಬೇಕು. ಬೇರೆ ಕಂಪನಿಗಳ ಕೆಲಸವನ್ನು ಗುತ್ತಿಗೆಯ ಮೇಲೆ ಮಾಡಿಕೊಡುವ ಸಂಸ್ಥೆಯನ್ನು ಸೇವಾ ಕಂಪನಿ ಎನ್ನುತ್ತಾರೆ; ಇನ್ಫೊಸಿಸ್, ವಿಪ್ರೊಗಳು ಬೆಳೆದದ್ದು ಈ ಮಾದರಿಯಲ್ಲಿ. ವಿದೇಶಿ ಕಂಪನಿಯೊಂದು ತನ್ನದೇ ಕೆಲಸವನ್ನು ತನ್ನದೇ ನೌಕರರಿಂದ ಮಾಡಿಸಲು ಇಲ್ಲಿ ತೆರೆಯುವ ಕಚೇರಿಗೆ ಹಿಂದೆ ‘ಕ್ಯಾಪ್ಟಿವ್’ ಎಂಬ ಹೆಸರಿತ್ತು. ಈಗ ಅದನ್ನು ಜಾಗತಿಕ ಸಾಮರ್ಥ್ಯ ಕೇಂದ್ರ, ಉದ್ಯಮದವರ ಮಾತಿನಲ್ಲಿ ಚಿಕ್ಕದಾಗಿ ಜಿಸಿಸಿ, ಎಂದು ಕರೆಯಲಾಗುತ್ತದೆ. ನಾಸ್ಕಾಂ ಮತ್ತು ಜಿನ್ನೋವ್ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳಿದ್ದು, ಅವುಗಳಲ್ಲಿ ಸುಮಾರು 19 ಲಕ್ಷ ಮಂದಿ ದುಡಿಯುತ್ತಿದ್ದರು ಮತ್ತು ಅವುಗಳ ವಾರ್ಷಿಕ ವರಮಾನ 6,460 ಕೋಟಿ ಡಾಲರ್ ಮುಟ್ಟಿತ್ತು. ಅದೇ ವರ್ಷ ಕರ್ನಾಟಕ ಸರ್ಕಾರ ಈ ಕೇಂದ್ರಗಳಿಗೆಂದೇ 2024–29ರ ಅವಧಿಯ ಪ್ರತ್ಯೇಕ ನೀತಿಯೊಂದನ್ನು ರೂಪಿಸಿ, 2029ರೊಳಗೆ 500 ಹೊಸ ಕೇಂದ್ರಗಳನ್ನು ತರುವ ಮತ್ತು 3.5 ಲಕ್ಷ ಉದ್ಯೋಗಗಳನ್ನು ಸೃಷ್ಟಿಸುವ ಗುರಿಯನ್ನು ಮುಂದಿಟ್ಟಿತು. ಬೆಂಗಳೂರಿನ ಹೊರಗೆ ನೆಲೆಯೂರುವ ಕಂಪನಿಗಳನ್ನು ಉತ್ತೇಜಿಸುವುದು ಆ ನೀತಿಯ ಆಶಯಗಳಲ್ಲೊಂದು. ಮಂಗಳೂರಿಗೆ ಅಂಟಿರುವ ‘ಸಿಲಿಕಾನ್ ಬೀಚ್’ ಎಂಬ ಬಿರುದೂ ಇದೇ ಹುರುಪಿನಿಂದ ಬಂದದ್ದು.

ಈ ಹುರುಪಿಗೆ ನಾಲ್ಕು ದಶಕಗಳ ಹಿನ್ನೆಲೆಯಿದೆ. ವಿದೇಶಿ ಪಾಲುದಾರಿಕೆಗೆ ಮಿತಿ ಹಾಕಿದ ವಿದೇಶಿ ವಿನಿಮಯ ಕಾನೂನಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟುಹೋದ ಮೇಲೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದ ತನ್ನ ಕಚೇರಿಯೊಂದಿಗೆ ಕೆಲಸ ಹಂಚಿಕೊಳ್ಳುವ ದಾರಿಯನ್ನು ತೋರಿಸಿತು. ಪ್ರತಿಯೊಂದು ಕಂಪನಿಯೂ ಸ್ವಂತ ಉಪಗ್ರಹ ಸಂಪರ್ಕವನ್ನು ಕಟ್ಟಿಕೊಳ್ಳುವುದು ಸಾಧ್ಯವಿಲ್ಲದ್ದರಿಂದ, ಹಂಚಿಕೊಂಡು ಬಳಸಬಹುದಾದ ಸಂಪರ್ಕ ಸೌಲಭ್ಯವನ್ನು ಒದಗಿಸುವ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆ, ಅಂದರೆ ಎಸ್‌ಟಿಪಿಐ, 1991ರಲ್ಲಿ ರೂಪುಗೊಂಡಿತು. ಮುಂದೆ ಮೈಸೂರು, ಹುಬ್ಬಳ್ಳಿ, ಮಂಗಳೂರು, ಮಣಿಪಾಲಗಳಲ್ಲೂ ಅದರ ಕೇಂದ್ರಗಳು ತೆರೆದವು. ರಫ್ತು ವರಮಾನಕ್ಕೆ ಈ ಪಾರ್ಕುಗಳಲ್ಲಿ ದೊರೆಯುತ್ತಿದ್ದ ತೆರಿಗೆ ವಿನಾಯಿತಿ 2011ರ ಮಾರ್ಚ್‌ಗೆ ಮುಗಿಯಿತು. ಆದ್ದರಿಂದ ಇಂದು ಕಂಪನಿಗಳನ್ನು ಕರಾವಳಿಗೆ ಎಳೆದು ತರುತ್ತಿರುವುದು ಆ ಹಳೆಯ ತೆರಿಗೆಯ ಲೆಕ್ಕವಲ್ಲ, ಮನುಷ್ಯರ ಲೆಕ್ಕ.

ಆ ಲೆಕ್ಕ ಸರಳವಾಗಿದೆ. ಬೆಂಗಳೂರಿಗೆ ಹೋಲಿಸಿದರೆ ಇಲ್ಲಿ ಕಚೇರಿಯ ಬಾಡಿಗೆ ಕಡಿಮೆ, ಸಂಬಳದ ನಿರೀಕ್ಷೆಯೂ ಕಡಿಮೆ, ಕೆಲಸ ಬಿಟ್ಟು ಇನ್ನೊಂದು ಕಂಪನಿಗೆ ಹಾರುವವರೂ ಕಡಿಮೆ. 1957ರಲ್ಲಿ ಮಣಿಪಾಲದಲ್ಲಿ, 1960ರಲ್ಲಿ ಸುರತ್ಕಲ್‌ನಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜುಗಳಿಂದ ಮೊದಲ್ಗೊಂಡು ಎರಡೂ ಜಿಲ್ಲೆಗಳಲ್ಲಿ ಹಬ್ಬಿರುವ ಕಾಲೇಜುಗಳು ಪ್ರತಿ ವರ್ಷ ಹೊರತರುವ ಪದವೀಧರರಲ್ಲಿ ಬಹುಪಾಲು ಮಂದಿ ಈವರೆಗೆ ಘಟ್ಟ ಹತ್ತಿ ಹೋಗುತ್ತಿದ್ದರು. ಹಾಗೆ ಹೋಗಿ ಹತ್ತು ಹದಿನೈದು ವರ್ಷಗಳ ಅನುಭವ ಗಳಿಸಿದವರಲ್ಲಿ ಅನೇಕರು, ವಯಸ್ಸಾದ ತಂದೆತಾಯಿಯ ಕಾರಣಕ್ಕೋ ಬೆಂಗಳೂರಿನ ಬಾಳು ಸಾಕೆನಿಸಿಯೋ, ಊರಿಗೆ ಮರಳಲು ಸಿದ್ಧರಿದ್ದಾರೆ ಎಂಬುದನ್ನು 2020ರ ನಂತರದ ಮನೆಯಿಂದಲೇ ಕೆಲಸ ಮಾಡುವ ರೂಢಿ ಕಂಪನಿಗಳಿಗೆ ತೋರಿಸಿಕೊಟ್ಟಿತು. ಇದರ ಜೊತೆಗೆ, ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನು ಪ್ರಕಟಿಸಿದ್ದು, ನೌಕರರನ್ನು ಅಲ್ಲಿಗೆ ಕರೆಸಿಕೊಳ್ಳುವ ಬದಲು ಕೆಲಸವನ್ನೇ ಇಲ್ಲಿಗೆ ಕಳಿಸುವ ಆಲೋಚನೆಗೆ ಬಲ ಕೊಟ್ಟಿತು.

ಇಂಥ ಕಚೇರಿಯ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಅದರ ಭವಿಷ್ಯವನ್ನು ಅಳೆಯಲಾಗದು. ವಿದೇಶಿ ಮಾತೃಸಂಸ್ಥೆಯ ಭಾರತೀಯ ಅಂಗಸಂಸ್ಥೆ ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿ ಏನನ್ನೂ ಮಾರುವುದಿಲ್ಲ. ಅದರ ಏಕೈಕ ಗಿರಾಕಿ ಅದರ ಮಾತೃಸಂಸ್ಥೆಯೇ. ಸಂಬಳ, ಬಾಡಿಗೆ, ವಿದ್ಯುತ್ತು ಎಲ್ಲ ಸೇರಿ ಇಲ್ಲಿಯ ಕಚೇರಿ ನೂರು ರೂಪಾಯಿ ಖರ್ಚು ಮಾಡಿದರೆ, ಅದರ ಮೇಲೆ ಮೊದಲೇ ಗೊತ್ತುಪಡಿಸಿದ ಒಂದು ಅಂಶವನ್ನು, ಉದಾಹರಣೆಗೆ ಹದಿನೈದು ರೂಪಾಯಿಯನ್ನು, ಸೇರಿಸಿ ಮಾತೃಸಂಸ್ಥೆ ನೂರ ಹದಿನೈದನ್ನು ಕಳಿಸುತ್ತದೆ. ಇದಕ್ಕೆ ‘ಕಾಸ್ಟ್ ಪ್ಲಸ್’ ವ್ಯವಸ್ಥೆ ಎಂದು ಹೆಸರು. ಒಂದೇ ಒಡೆತನದ ಎರಡು ಕಂಪನಿಗಳು ತಮ್ಮೊಳಗೆ ಕೊಟ್ಟು ತೆಗೆದುಕೊಳ್ಳುವ ಬೆಲೆ, ಸಂಬಂಧವಿಲ್ಲದ ಎರಡು ಕಂಪನಿಗಳ ನಡುವೆ ಇರಬಹುದಾಗಿದ್ದ ಬೆಲೆಗೆ ಸಮನಾಗಿರಬೇಕು ಎಂದು ಆದಾಯ ತೆರಿಗೆ ಕಾನೂನು ವಿಧಿಸುವುದರಿಂದ ಈ ಹೆಚ್ಚುವರಿ ಅಂಶ ಅಗತ್ಯವಾಗುತ್ತದೆ. ಈ ನಿಯಮಗಳನ್ನು ‘ಟ್ರಾನ್ಸ್‌ಫರ್ ಪ್ರೈಸಿಂಗ್’ ಎನ್ನುತ್ತಾರೆ. ಇಲ್ಲಿ ಬರೆದ ಪ್ರೋಗ್ರಾಮಿನ ಹಕ್ಕುಗಳು ನೇಮಕಾತಿ ಕರಾರಿನ ಮೂಲಕ ಕಂಪನಿಗೂ, ಅಲ್ಲಿಂದ ಮಾತೃಸಂಸ್ಥೆಗೂ ಸಲ್ಲುತ್ತವೆ, ಮತ್ತು ಆ ಪ್ರೋಗ್ರಾಮಿನ ಮಾರಾಟದಿಂದ ಬರುವ ಲಾಭವೂ ಅಲ್ಲಿಯೇ ನಿಲ್ಲುತ್ತದೆ.

ಈ ವ್ಯವಸ್ಥೆಯಿಂದ ಎರಡು ಪರಿಣಾಮಗಳಾಗುತ್ತವೆ. ಮೊದಲನೆಯದು, ಇಂಥ ಕಚೇರಿ ಸಾಮಾನ್ಯ ಅರ್ಥದಲ್ಲಿ ನಷ್ಟಕ್ಕೆ ಬೀಳುವುದಿಲ್ಲ, ಆದರೆ ಲಾಭದಲ್ಲಿದೆ ಎಂಬುದು ಅದನ್ನು ಮುಚ್ಚದಿರಲು ಕಾರಣವೂ ಆಗುವುದಿಲ್ಲ. ಮಾತೃಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಅದು ಖರ್ಚಿನ ಒಂದು ಸಾಲು ಮಾತ್ರ. ಎರಡನೆಯದು, ಮಾತೃಸಂಸ್ಥೆ ಬೆಳೆಯುವಾಗ ಮಾತ್ರವಲ್ಲ, ಅದು ಖರ್ಚು ತಗ್ಗಿಸಲು ಹೊರಟಾಗಲೂ ಇಲ್ಲಿಯ ಕಚೇರಿ ಹಿಗ್ಗಬಹುದು, ಏಕೆಂದರೆ ಯುರೋಪಿನಲ್ಲೋ ಅಮೆರಿಕದಲ್ಲೋ ಇಳಿಸಿದ ಹುದ್ದೆಗಳ ಕೆಲಸ ಅಗ್ಗದ ಊರಿಗೆ ಸಾಗುತ್ತದೆ. ಅಗ್ಗದ ಊರು ಎಂಬ ಪಟ್ಟ ಯಾವ ಊರಿಗೂ ಶಾಶ್ವತವಲ್ಲ. ಐರ್ಲೆಂಡಿನ ಲಿಮರಿಕ್ ಎಂಬ ಪ್ರಾದೇಶಿಕ ನಗರದಲ್ಲಿ ಕಂಪ್ಯೂಟರ್ ತಯಾರಿಸುತ್ತಿದ್ದ ಡೆಲ್ ಕಂಪನಿ 2009ರಲ್ಲಿ ಆ ತಯಾರಿಕೆಯನ್ನು ಪೋಲೆಂಡಿನ ಊಜ್ ನಗರಕ್ಕೆ ಒಯ್ದಾಗ ಲಿಮರಿಕ್‌ನಲ್ಲಿ 1,900 ಮಂದಿ ಕೆಲಸ ಕಳೆದುಕೊಂಡರು. ಲಿಮರಿಕ್‌ನ ಕೆಲಸಗಾರರ ಕೌಶಲ ಕುಗ್ಗಿದ್ದರಿಂದ ಅಲ್ಲ, ಪೋಲೆಂಡಿನ ಕೂಲಿ ಕಡಿಮೆ ಇದ್ದುದರಿಂದ.

ಒಡೆತನದ ಸರಪಳಿ ಎಷ್ಟು ಉದ್ದವಾಗಬಹುದು ಎಂಬುದಕ್ಕೆ ಕರಾವಳಿಯಲ್ಲೇ ನಿದರ್ಶನಗಳಿವೆ. 1996ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮೊಬೈಲ್ ಆ್ಯಪ್‌ಗಳ ತಯಾರಿಕೆಯಲ್ಲಿ ದೊಡ್ಡ ಹೆಸರು ಗಳಿಸಿದ ರೋಬೋಸಾಫ್ಟ್ ಟೆಕ್ನಾಲಜೀಸ್ ಅನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಹೋಲ್ಡಿಂಗ್ಸ್ 805 ಕೋಟಿ ರೂಪಾಯಿಗೆ ಕೊಂಡುಕೊಂಡಿತು. 2025ರ ಆಗಸ್ಟ್‌ನಲ್ಲಿ ಆ ಟೆಕ್ನೋಪ್ರೊವನ್ನೇ ಕೊಳ್ಳುವ ಯೋಜನೆಯನ್ನು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಪ್ರಕಟಿಸಿತು. ಮಂಗಳೂರಿನಲ್ಲಿ ಕಚೇರಿಯಿರುವ ಡೆನ್ಮಾರ್ಕಿನ ಇಜಿ ಕಂಪನಿ, ಕಟ್ಟಡ ನಿರ್ಮಾಣ, ಚಿಲ್ಲರೆ ವ್ಯಾಪಾರ, ವಿದ್ಯುತ್ ಪೂರೈಕೆಯಂಥ ಒಂದೊಂದು ವೃತ್ತಿವಲಯಕ್ಕೆ ಬೇಕಾದ ಸಾಫ್ಟ್‌ವೇರನ್ನು ನಾರ್ಡಿಕ್ ದೇಶಗಳಲ್ಲಿ ಮಾರುವ ಸಂಸ್ಥೆ. ಅದನ್ನು 2019ರಲ್ಲಿ ಫ್ರಾನ್ಸಿಸ್ಕೊ ಪಾರ್ಟ್‌ನರ್ಸ್ ಎಂಬ ಅಮೆರಿಕದ ಹೂಡಿಕೆ ಸಂಸ್ಥೆ ಕೊಂಡಿತು. ಈ ಬಗೆಯ ಹೂಡಿಕೆಯನ್ನು ಪ್ರೈವೇಟ್ ಈಕ್ವಿಟಿ ಎನ್ನುತ್ತಾರೆ: ಪಿಂಚಣಿ ನಿಧಿಗಳೇ ಮೊದಲಾದವುಗಳಿಂದ ಹಣ ಒಟ್ಟುಗೂಡಿಸಿ ಕಂಪನಿಯನ್ನು ಕೊಂಡು, ಕೆಲವು ವರ್ಷ ಬೆಳೆಸಿ, ಹೆಚ್ಚಿನ ಬೆಲೆಗೆ ಮಾರುವುದು ಅದರ ಕ್ರಮ. ಇದರಲ್ಲಿ ಅಕ್ರಮವೇನೂ ಇಲ್ಲ, ಮತ್ತು ಇಂಥ ಒಡೆಯರ ಕೈಯಲ್ಲಿ ಕಚೇರಿಗಳು ಬೆಳೆದದ್ದೂ ಉಂಟು. ಆದರೆ ಒಡೆತನ ಕೈ ಬದಲಿಸುವುದು ಈ ಮಾದರಿಯಲ್ಲಿ ಆಕಸ್ಮಿಕವಲ್ಲ, ಮೊದಲೇ ಲೆಕ್ಕಕ್ಕೆ ಹಿಡಿದ ಹಂತ ಎಂಬುದನ್ನು ಸೇರುವವರು ತಿಳಿದಿರುವುದು ಒಳ್ಳೆಯದು.

ಹೊರಗಿನ ಒಡೆತನದ ಉದ್ಯಮವೊಂದು ಊರಿಗೆ ಬಂದು ನೆಲೆಸುವುದು ಕರಾವಳಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್, ಮುದ್ರಣ ಮತ್ತು ನೇಯ್ಗೆಯ ಜೊತೆಗೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ, ಇಲ್ಲಿಯ ನದಿದಂಡೆಯ ಆವೆಮಣ್ಣು ಹಂಚಿಗೆ ಒಗ್ಗುತ್ತದೆ ಎಂಬುದನ್ನು ಕಂಡುಕೊಂಡು ಅದಕ್ಕೆ ಅಡಿಪಾಯ ಹಾಕಿದ. ಮಣ್ಣು ಹದಗೊಳಿಸುವುದು, ಅಚ್ಚೊತ್ತುವುದು, ಆವಿಗೆಯ ಬೆಂಕಿಯನ್ನು ಹಿಡಿತದಲ್ಲಿಡುವುದು ಈ ವಿದ್ಯೆಗಳೆಲ್ಲ ಆ ಕಾರ್ಖಾನೆಯ ಗೋಡೆಯೊಳಗೆ ಉಳಿಯಲಿಲ್ಲ. ಕೆಲವೇ ದಶಕಗಳಲ್ಲಿ ಸ್ಥಳೀಯರೇ ನೇತ್ರಾವತಿ, ಗುರುಪುರ ನದಿಗಳ ದಂಡೆಗಳಲ್ಲಿ ತಮ್ಮದೇ ಕಾರ್ಖಾನೆಗಳನ್ನು ಹೂಡಿದರು, ‘ಮಂಗಳೂರು ಹಂಚು’ ಎಂಬುದು ದೇಶವಿದೇಶಗಳಲ್ಲಿ ಒಂದು ಸರಕಿನ ಹೆಸರಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ನಂಟಿನ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು, ಮುಂದೆ ಅವನ್ನು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತು. ಒಡೆಯರು ಹೋದರು; ಹಂಚಿನ ಉದ್ಯಮ ಇನ್ನೂ ಹಲವು ದಶಕ ನಡೆಯಿತು, ಏಕೆಂದರೆ ವಿದ್ಯೆ ಅಷ್ಟರಲ್ಲಿ ಊರಿನದಾಗಿತ್ತು.

ಇದೇ ನೆಲದ ಬ್ಯಾಂಕುಗಳ ಚರಿತ್ರೆ ಇನ್ನೊಂದು ಪಾಠವನ್ನು ಹೇಳುತ್ತದೆ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಹೀಗೆ ಕಾಲು ಶತಮಾನದಲ್ಲಿ ಐದು ದೊಡ್ಡ ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಶಾಖೆಗಳು ಉಳಿದವು, ನೌಕರರೂ ಉಳಿದರು. ಮಂಗಳೂರಿನಿಂದ, ಮಣಿಪಾಲದಿಂದ ಹೋದದ್ದು ಪ್ರಧಾನ ಕಚೇರಿ. ಯಾರಿಗೆ ಸಾಲ ಕೊಡಬೇಕು, ಎಲ್ಲಿ ಶಾಖೆ ತೆರೆಯಬೇಕು, ಯಾರಿಗೆ ಬಡ್ತಿ ಸಿಗಬೇಕು ಎಂಬ ತೀರ್ಮಾನಗಳೂ, ಆ ತೀರ್ಮಾನಗಳನ್ನು ಕೈಗೊಳ್ಳುವವರನ್ನು ಬೆಳೆಸುವ ವಾತಾವರಣವೂ ಅದರೊಂದಿಗೆ ಹೋದವು. ಹುದ್ದೆಗಳ ಸಂಖ್ಯೆಯನ್ನಷ್ಟೇ ಎಣಿಸುವವರಿಗೆ ಈ ನಷ್ಟ ಕಾಣುವುದಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಒಡೆತನ ಹೊರಗಿನದಾಗಿದ್ದರೂ ವಿದ್ಯೆ ಊರಿಗೆ ಇಳಿಯಿತು. ಬ್ಯಾಂಕುಗಳಲ್ಲಿ ಊರೇ ಕಟ್ಟಿದ ಸಂಸ್ಥೆಗಳ ತೀರ್ಮಾನದ ಕೋಣೆ ಬೇರೆಡೆಗೆ ಹೋಯಿತು. ವಿದೇಶಿ ಸಾಫ್ಟ್‌ವೇರ್ ಕಚೇರಿಯನ್ನು ಅಳೆಯಬೇಕಾದ ಕೋಲುಗಳು ಈ ಎರಡೇ: ಅಲ್ಲಿ ಯಾವ ವಿದ್ಯೆ ದೊರೆಯುತ್ತದೆ ಮತ್ತು ಅಲ್ಲಿ ಯಾವ ತೀರ್ಮಾನಗಳು ನಡೆಯುತ್ತವೆ.

ಈ ಅಳತೆಗೆ ಸಾಫ್ಟ್‌ವೇರ್ ಕೆಲಸವನ್ನು ನಾಲ್ಕು ಮೆಟ್ಟಿಲುಗಳಾಗಿ ಬಿಡಿಸಿ ನೋಡಬಹುದು. ಗಿರಾಕಿಗಳಿಂದ ಬರುವ ದೂರುಗಳನ್ನು, ಉದ್ಯಮದ ಮಾತಿನಲ್ಲಿ ‘ಟಿಕೆಟ್’ಗಳನ್ನು, ಬಗೆಹರಿಸುವ ಸಪೋರ್ಟ್ ಕೆಲಸ ಮೊದಲನೆಯದು, ಇತರರು ಬರೆದ ಪ್ರೋಗ್ರಾಮನ್ನು ಪರೀಕ್ಷಿಸುವುದು ಮತ್ತು ಹಳೆಯ ಪ್ರೋಗ್ರಾಮುಗಳ ದುರಸ್ತಿ ಎರಡನೆಯದು, ಬೇರೆಡೆ ರೂಪುಗೊಂಡ ವಿನ್ಯಾಸದ ಪ್ರಕಾರ ಒಂದು ಭಾಗವನ್ನು ಹೊಸದಾಗಿ ಬರೆಯುವುದು ಮೂರನೆಯದು, ಉತ್ಪನ್ನ ಏನಾಗಿರಬೇಕು, ಅದರ ರಚನೆ ಹೇಗಿರಬೇಕು, ಯಾವಾಗ ಗಿರಾಕಿಯ ಕೈಗೆ ಹೋಗಬೇಕು ಎಂದು ನಿರ್ಧರಿಸುವ ಪೂರ್ಣ ಹೊಣೆ ನಾಲ್ಕನೆಯದು. ಮೊದಲ ಎರಡು ಮೆಟ್ಟಿಲುಗಳಲ್ಲಿ ಕಲಿಯುವುದಕ್ಕೆ ಏನೂ ಇಲ್ಲವೆಂದಲ್ಲ. ಇಪ್ಪತ್ತು ವರ್ಷ ಹಳೆಯ ಪ್ರೋಗ್ರಾಮನ್ನು ಕೆಡದಂತೆ ತಿದ್ದುವುದು ಹೊಸದನ್ನು ಬರೆಯುವುದಕ್ಕಿಂತ ಕಷ್ಟದ ಕೆಲಸವಾಗಿರಬಹುದು. ಆದರೆ ಕಚೇರಿ ವರ್ಷಗಟ್ಟಲೆ ಅಲ್ಲಿಯೇ ನಿಂತರೆ ಅಲ್ಲಿಯ ನೌಕರರ ವಿದ್ಯೆ ಆ ಒಂದು ಕಂಪನಿಯ ಆ ಒಂದು ಉತ್ಪನ್ನಕ್ಕೆ ಕಟ್ಟುಬೀಳುತ್ತದೆ, ಮತ್ತು ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಮೊದಲು ಕೈಹಾಕುತ್ತಿರುವುದೂ ಈ ಕೆಳಗಿನ ಮೆಟ್ಟಿಲುಗಳಿಗೇ.

ನಾಲ್ಕನೆಯ ಮೆಟ್ಟಿಲಿನ ಫಲವೇನು ಎಂಬುದಕ್ಕೆ ಬೆಂಗಳೂರಿನಲ್ಲಿ ಉದಾಹರಣೆ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಭಾರತ ಕೇಂದ್ರವನ್ನು ಮುನ್ನಡೆಸಿದ್ದ ಶ್ರೀನಿ ರಾಜಂ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿಂದ ಹೊರಬಂದು 2001ರಲ್ಲಿ ಇಟ್ಟಿಯಂ ಸಿಸ್ಟಮ್ಸ್ ಎಂಬ ಸ್ವಂತ ಕಂಪನಿಯನ್ನು ಕಟ್ಟಿದರು. ಅದು ಧ್ವನಿ ಮತ್ತು ದೃಶ್ಯ ಸಂಕೇತಗಳ ಸಂಸ್ಕರಣೆಯ ತಂತ್ರಜ್ಞಾನವನ್ನು ತಾನೇ ರೂಪಿಸಿ ಜಗತ್ತಿನ ಕಂಪನಿಗಳಿಗೆ ಪರವಾನಗಿ ಕೊಡುವ ಮಟ್ಟಕ್ಕೆ ಬೆಳೆಯಿತು. ಟಿಕೆಟ್ ಬಗೆಹರಿಸುವ ಕೆಲಸ ಮಾತ್ರ ಆ ಕೇಂದ್ರಕ್ಕೆ ಬಂದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಜೆಪ್ಪುವಿನ ಆವಿಗೆಯಿಂದ ನೇತ್ರಾವತಿಯ ದಂಡೆಗೆ ಇಳಿದ ವಿದ್ಯೆಯ ದಾರಿಯೂ ಇದೂ ಒಂದೇ.

ಕ್ಯಾಂಪಸ್ ಸಂದರ್ಶನಕ್ಕೆ ಬಂದ ಕಂಪನಿ ಯಾವ ಮೆಟ್ಟಿಲಿನಲ್ಲಿದೆ ಎಂದು ತಿಳಿಯುವುದು ಕಷ್ಟವಲ್ಲ. ಸಂದರ್ಶನದ ಕೊನೆಯಲ್ಲಿ ‘ಏನಾದರೂ ಕೇಳುವುದಿದೆಯೇ’ ಎಂದಾಗ ಹೆಚ್ಚಿನ ವಿದ್ಯಾರ್ಥಿಗಳು ಮೌನವಾಗಿ ಬಿಟ್ಟುಕೊಡುವ ಅವಕಾಶ ಅದಕ್ಕೆ ಸಾಕು. ಉತ್ಪನ್ನದ ಹೊಣೆ ಹೊತ್ತ ಪ್ರಾಡಕ್ಟ್ ಮ್ಯಾನೇಜರ್ ಯಾವ ಊರಿನಲ್ಲಿ ಕುಳಿತುಕೊಳ್ಳುತ್ತಾರೆ, ಈ ಕಚೇರಿಯವರು ಗಿರಾಕಿಗಳೊಂದಿಗೆ ನೇರವಾಗಿ ಮಾತನಾಡುತ್ತಾರೆಯೇ, ವಿನ್ಯಾಸವನ್ನು ನಿರ್ಧರಿಸುವ ಆರ್ಕಿಟೆಕ್ಟ್ ದರ್ಜೆಯವರು ಇಲ್ಲಿ ಎಷ್ಟು ಮಂದಿ, ಇಲ್ಲಿಯೇ ಇದ್ದುಕೊಂಡು ನೌಕರರೊಬ್ಬರು ಏರಬಹುದಾದ ಅತ್ಯುನ್ನತ ಹುದ್ದೆ ಯಾವುದು ಎಂಬ ನಾಲ್ಕು ಪ್ರಶ್ನೆಗಳಿಗೆ ನೇರ ಉತ್ತರ ಬಂದರೆ ಕಚೇರಿಯ ಸ್ವರೂಪ ತಿಳಿಯುತ್ತದೆ, ಹಾರಿಕೆಯ ಉತ್ತರ ಬಂದರೂ ತಿಳಿಯುತ್ತದೆ.

ಕೆಲಸದ ಹೊತ್ತು ಕೂಡ ಒಡೆಯರ ಊರನ್ನು ಅವಲಂಬಿಸಿದೆ. ಕೋಪನ್‌ಹೇಗನ್‌ನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಬೇಸಿಗೆಯ ಲೆಕ್ಕದಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಹಾಗಾಗಿ ಡೆನ್ಮಾರ್ಕಿನ ಕಂಪನಿಯೊಂದಿಗೆ ಕೆಲಸ ಮಾಡುವವರು ಸಂಜೆ ಮನೆ ಸೇರಬಹುದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂಬತ್ತಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ಟೋಕಿಯೊದಲ್ಲಿ ಒಂಬತ್ತಾದಾಗ ಇಲ್ಲಿ ಇನ್ನೂ ಬೆಳಗಿನ ಐದೂವರೆ. ಕಚೇರಿಯ ಹೊತ್ತಿನ ಆಚೆಗೂ ತುರ್ತು ಕರೆಗೆ ಸಿದ್ಧರಿರಬೇಕಾದ ‘ಆನ್-ಕಾಲ್’ ಸರದಿ ಎಷ್ಟು ವಾರಕ್ಕೊಮ್ಮೆ ಬರುತ್ತದೆ, ಅದಕ್ಕೆ ಪ್ರತ್ಯೇಕ ಭತ್ಯೆ ಉಂಟೇ, ಮೂಡುಬಿದಿರೆಯಿಂದಲೋ ಕುಂದಾಪುರದಿಂದಲೋ ಬರುವವರಿಗೆ ಕೊನೆಯ ಬಸ್ಸು ಹೋದ ಮೇಲೆ ಮನೆ ಸೇರುವ ವಾಹನ ವ್ಯವಸ್ಥೆ ಇದೆಯೇ ಎಂಬುದನ್ನೂ ಆದ್ದರಿಂದ ಮೊದಲೇ ಕೇಳಿಕೊಳ್ಳಬೇಕು.

ಇನ್ನು ಕಾಗದಪತ್ರಗಳ ಮಾತು. ಆಫರ್ ಲೆಟರಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿರುವ ಸಿಟಿಸಿ ಎಂಬ ಮೊತ್ತ ನೌಕರರ ಕೈಗೆ ಬರುವ ಸಂಬಳವಲ್ಲ. ಆ ನೌಕರರಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಲೆಕ್ಕ. ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲು, ವಿಮೆಯ ಕಂತು, ಕಂಪನಿಯ ಸಾಧನೆಯನ್ನು ಅವಲಂಬಿಸಿದ ‘ವೇರಿಯಬಲ್ ಪೇ’ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಗ್ರಾಚ್ಯುಟಿಯನ್ನು, ಅಂದರೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನದ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಿಗುವ ಮೊತ್ತವನ್ನು, ಮೂಲವೇತನದ ಶೇ 4.81ರಷ್ಟೆಂದು ಸಿಟಿಸಿಯಲ್ಲಿ ತೋರಿಸುವ ರೂಢಿ ವ್ಯಾಪಕವಾಗಿದೆ. ಕಾಯಂ ನೌಕರರಿಗೆ ಅದರ ಹಕ್ಕು ಹುಟ್ಟುವುದು ಐದು ವರ್ಷಗಳ ಸೇವೆಯ ನಂತರವಷ್ಟೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ, ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಹೆಚ್ಚುವರಿ ಭಾಗವನ್ನು ವೇತನವೆಂದೇ ಎಣಿಸಬೇಕೆಂದು ಹೇಳಿವೆ ಮತ್ತು ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಯ ನಂತರವೇ ಗ್ರಾಚ್ಯುಟಿಯ ಹಕ್ಕನ್ನು ಕೊಟ್ಟಿವೆ. ಪತ್ರದಲ್ಲಿರುವ ಹೆಸರು ಆ ವಿದೇಶಿ ಕಂಪನಿಯ ಭಾರತೀಯ ಅಂಗಸಂಸ್ಥೆಯದೋ ಅಥವಾ ನಡುವಿನ ಮಾನವ ಸಂಪನ್ಮೂಲ ಗುತ್ತಿಗೆದಾರರದೋ ಎಂಬುದನ್ನು ಓದಿ ನೋಡುವುದೂ ಅಗತ್ಯ, ಏಕೆಂದರೆ ಒಂದೇ ಮೇಜಿನ ಅಕ್ಕಪಕ್ಕದಲ್ಲಿ ಕುಳಿತವರಲ್ಲಿ ಒಬ್ಬರು ಕಂಪನಿಯ ನೌಕರರಾಗಿ, ಇನ್ನೊಬ್ಬರು ಗುತ್ತಿಗೆದಾರರ ನೌಕರರಾಗಿ ಇರುವುದು ಈ ಉದ್ಯಮದಲ್ಲಿ ಸಾಮಾನ್ಯ.

ಬಾಂಡ್ ಎಂದು ಕರೆಯುವ ಕರಾರಿನ ಬಗ್ಗೆ ವಿದ್ಯಾರ್ಥಿಗಳಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳಿವೆ: ಅದಕ್ಕೆ ಕಾನೂನಿನ ಬೆಲೆಯೇ ಇಲ್ಲ ಎಂಬುದು ಒಂದು, ಸಹಿ ಹಾಕಿದರೆ ಮುಗಿಯಿತು ಎಂಬುದು ಇನ್ನೊಂದು. 1872ರ ಕರಾರು ಕಾಯ್ದೆಯ 27ನೆಯ ಕಲಂ, ಯಾರನ್ನೇ ಆಗಲಿ ನ್ಯಾಯಬದ್ಧ ವೃತ್ತಿಯಿಂದ ತಡೆಯುವ ಕರಾರು ಅಸಿಂಧು ಎನ್ನುತ್ತದೆ. ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿಗೆ ಸೇರಬಾರದೆಂಬ ಷರತ್ತು ಇದರಿಂದಾಗಿ ನಿಲ್ಲುವುದು ಕಷ್ಟ. ಆದರೆ ಮೇಲೆ ಹೇಳಿದ ವಿಜಯಾ ಬ್ಯಾಂಕಿಗೇ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಮೇ 14ರಂದು ನೀಡಿದ ತೀರ್ಪು, ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕು ಬಹಿರಂಗ ಸ್ಪರ್ಧೆಯ ಮೂಲಕವೇ ನೇಮಕ ಮಾಡಿಕೊಳ್ಳಬೇಕಾಗಿರುವುದನ್ನು ಮತ್ತು ಅದಕ್ಕೆ ತಗಲುವ ಖರ್ಚನ್ನು ನ್ಯಾಯಾಲಯ ಪರಿಗಣಿಸಿತು. ಆದ್ದರಿಂದ ಬಾಂಡಿನ ಮೊತ್ತ ಎಷ್ಟು, ಅವಧಿ ಎಷ್ಟು, ಅದಕ್ಕೆ ಬದಲಾಗಿ ಕಂಪನಿ ನಿಜವಾಗಿ ಯಾವ ತರಬೇತಿ ಕೊಡುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳದೆ ಸಹಿ ಹಾಕುವುದು ಜಾಣತನವಲ್ಲ. ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಕೇಳುವ ಸಂಸ್ಥೆಗೆ ಅವನ್ನು ಒಪ್ಪಿಸಲೇಬಾರದು.

ಸ್ಥಳೀಯರಿಗೆ ಎಷ್ಟು ಹುದ್ದೆ ಎಂಬ ಪ್ರಶ್ನೆ ಇಂಥ ವಿಸ್ತರಣೆಯ ಪ್ರತಿ ಸುದ್ದಿಯ ಹಿಂದೆಯೂ ಇದೆ. 1980ರ ದಶಕದ ಸರೋಜಿನಿ ಮಹಿಷಿ ಸಮಿತಿಯಿಂದ ಹಿಡಿದು ಚರ್ಚೆಯಲ್ಲಿರುವ ಈ ವಿಷಯದಲ್ಲಿ, 2024ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಮಸೂದೆ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಮೀಸಲನ್ನು ಸೂಚಿಸಿತ್ತು. ಉದ್ಯಮದ ವಿರೋಧದಿಂದಾಗಿ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಮೀಸಲಾತಿಯ ಪರ ವಿರೋಧದ ವಾದ ಏನೇ ಇರಲಿ, ಪ್ರಾದೇಶಿಕ ಕಚೇರಿಯ ವಿಷಯದಲ್ಲಿ ಮೊದಲು ಗಮನಿಸಬೇಕಾದ್ದು ಬೇರೆ: ವಿಸ್ತರಣೆಯ ಹುದ್ದೆಗಳಲ್ಲಿ ಬಹುಪಾಲು ಅನುಭವಸ್ಥರಿಗೆ ಮೀಸಲಾಗಿ, ಫ್ರೆಶರ್‌ಗಳಿಗೆ, ಅಂದರೆ ಈಗಷ್ಟೇ ಪದವಿ ಮುಗಿಸಿದವರಿಗೆ, ಉಳಿಯುವುದು ಸಣ್ಣ ಪಾಲಾಗಿರಬಹುದು. ಪ್ರಕಟಣೆಯ ಒಟ್ಟು ಸಂಖ್ಯೆಯನ್ನು ಕಾಲೇಜಿನ ಗೋಡೆಗೆ ಅಂಟಿಸುವ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಗಳು ಈ ವಿಂಗಡಣೆಯನ್ನು ಕಂಪನಿಯಿಂದ ಬರಹದಲ್ಲಿ ಪಡೆಯುವುದು, ಹಿಂದಿನ ವರ್ಷ ಸೇರಿದ ವಿದ್ಯಾರ್ಥಿಗಳು ಈಗ ಯಾವ ಕೆಲಸದಲ್ಲಿದ್ದಾರೆ ಎಂದು ವಿಚಾರಿಸುವುದು ವಿದ್ಯಾರ್ಥಿಗಳಿಗೆ ಯಾವ ಮೀಸಲಾತಿಗಿಂತಲೂ ಬೇಗ ಕೈಗೆಟಕುವ ನೆರವು.

ಈ ಎಲ್ಲದರ ತಾತ್ಪರ್ಯ ಇಷ್ಟು. ವಿದೇಶಿ ಕಂಪನಿ ಊರಿಗೆ ಉಪಕಾರ ಮಾಡಲೆಂದು ಬರುವುದಿಲ್ಲ, ಅಪಕಾರ ಮಾಡಲೆಂದೂ ಬರುವುದಿಲ್ಲ; ಅದು ತನ್ನ ಲೆಕ್ಕಕ್ಕೆ ಬರುತ್ತದೆ ಮತ್ತು ತನ್ನ ಲೆಕ್ಕ ತಪ್ಪಿದ ದಿನ ಹೋಗುತ್ತದೆ. ಅದು ಎಷ್ಟು ದಿನ ಇರುತ್ತದೆ ಎಂಬುದು ಮಂಗಳೂರಿನವರ ಕೈಯಲ್ಲಿಲ್ಲ. ಇರುವಷ್ಟು ದಿನ ಅಲ್ಲಿಂದ ಏನನ್ನು ಕಲಿತುಕೊಳ್ಳಬೇಕು ಎಂಬುದು ಬಹುಮಟ್ಟಿಗೆ ಸೇರುವವರ ಕೈಯಲ್ಲಿದೆ. ಈ ವರ್ಷ ಆಫರ್ ಲೆಟರ್ ಪಡೆಯಲಿರುವ ವಿದ್ಯಾರ್ಥಿಗಳಲ್ಲಿ ಕೋರಿಕೆ ಇಷ್ಟೇ: ಸಿಟಿಸಿಯ ಮೊತ್ತವನ್ನು ಮನೆಯವರಿಗೆ ಹೇಳುವ ಮೊದಲು ಪತ್ರದ ಎಲ್ಲ ಪುಟಗಳನ್ನು ಓದಬೇಕು, ಕೆಲಸ ಯಾವ ಮೆಟ್ಟಿಲಿನದು ಎಂದು ಸಂಕೋಚವಿಲ್ಲದೆ ಕೇಳಬೇಕು, ಸೇರಿದ ಮೇಲೆ ಪ್ರತಿ ವರ್ಷದ ಕೊನೆಗೆ, ಈ ಕಚೇರಿ ನಾಳೆ ಮುಚ್ಚಿದರೆ ತನ್ನೊಂದಿಗೆ ಉಳಿಯುವ ವಿದ್ಯೆ ಯಾವುದು ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು. ಆ ಪ್ರಶ್ನೆಗೆ ಎರಡು ವರ್ಷ ಸತತವಾಗಿ ಉತ್ತರ ಸಿಗದಿದ್ದರೆ, ಕೆಲಸ ಬದಲಿಸುವ ಹೊತ್ತು ಬಂದಿದೆ ಎಂದೇ ಅರ್ಥ.

ಇಂತಿ,
ಕರಾವಳಿಯ ಉದ್ಯಮ ಚರಿತ್ರೆಯ ಓರ್ವ ಅಭ್ಯಾಸಿ